ಎಲ್ಲವೂ ಕುಲುಮೆಯೆಂದ ಸಂಪಂಗಿರಾಮಯ್ಯ

ಸಂಪಂಗಿರಾಮಯ್ಯನವರು ಯಾರ ಮನೆಗೆ ಹೋದರೂ ಚಪ್ಪಲಿ ಬಿಟ್ಟವರೇ ನೆಟ್ಟಗೆ ಅಡುಗೆಮನೆಗೆ ನುಗ್ಗಿ ಒಲೆಯ ಉರಿ ನೋಡುತ್ತಿದ್ದರು. "ಸಾವಿರದ ಇನ್ನೂರು ಡಿಗ್ರಿ ಕಣಮ್ಮಾ" ಎನ್ನುತ್ತಿದ್ದರು. ಸಾರು ಕುದಿಸುವುದಕ್ಕೆ ನನಗೆ ಆ ಲೆಕ್ಕ ಯಾಕೆ? ಕಾರ್ಖಾನೆಯ ಕುಲುಮೆ ಮುಂದೆ ನಿಂತು, ಕಾದ ಕಬ್ಬಿಣದ ಬಣ್ಣದಲ್ಲೇ ಬಿಸಿ ಹೇಳಿ ರಿಟೈರಾದವರು. ಆಮೇಲೆ ಲೋಕದಲ್ಲಿರುವುದೆಲ್ಲ ಕುಲುಮೆಯೇ ಅಂದುಕೊಂಡರು. ಜ್ವರ ಬಂದ ಮಗುವಿನ ಕೆನ್ನೆ ನೋಡಿಯೂ ಡಿಗ್ರಿ ಹೇಳಿದ ಮಹಾನುಭಾವ! ಹೊಸ ತಿಪ್ಪಸಂದ್ರದ ನಮ್ಮ ಬೀದಿಯಲ್ಲಿ ಅವರಿಗೆ ಎದುರಾಡುವವರೇ ಇರಲಿಲ್ಲ.

ನನ್ನ ಮೊಮ್ಮಗಳು ಪಲ್ಲವಿ ಎಂ.ಎಸ್ಸಿ. ಮುಗಿಸಿ, ಗಾಮಾ ಕಿರಣಗಳ ಸ್ಫೋಟದ ಮೇಲೆ ಸಂಶೋಧನೆ ಮಾಡುತ್ತೇನೆ ಅಂದಳು. ನನ್ನ ಮಗನಿಗೆ ಅವಳಿಂದ ಬ್ಯಾಂಕ್ ಪರೀಕ್ಷೆ ಬರೆಸುವ ಆಸೆ. "ರಾಮಯ್ಯನವರು ಹೂಂ ಅಂದ್ರೆ ಓದು" ಅಂದುಬಿಟ್ಟ.

ಅವರು ಬಂದು ಕಾಫಿ ಹೀರುತ್ತ ಕೇಳಿದರು: "ಅದೇನಮ್ಮ ಸ್ಫೋಟ?"

"ದೊಡ್ಡ ನಕ್ಷತ್ರ ಕುಸಿದಾಗ, ಇಲ್ಲ ಎರಡು ಸತ್ತ ನಕ್ಷತ್ರ ಡಿಕ್ಕಿ ಹೊಡೆದಾಗ ಆಗುತ್ತೆ ಅಂಕಲ್."

"ಅಂದ್ರೆ ದೊಡ್ಡ ಕುಲುಮೆ. ಬಣ್ಣ ನೋಡು, ಬಿಸಿ ಬರ್ಕೋ. ಮುಗೀತು!"

"ಅಲ್ಲ ಅಂಕಲ್. ಯಾವ ಶಕ್ತಿಯಲ್ಲಿ ಎಷ್ಟು ಬೆಳಕು ಅಂತ ಗೆರೆ ಎಳೀತೀವಿ. ಬರೀ ಬಿಸಿಯ ಬೆಳಕಾದ್ರೆ, ಎತ್ತರದ ತುದಿ ದಾಟಿದ್ಮೇಲೆ ಗೆರೆ ಗೋಡೆಯಿಂದ ಬಿದ್ದ ಹಾಗೆ ಬೀಳ್ಬೇಕು. ಇದು ಇಳಿಜಾರಲ್ಲಿ ನಿಧಾನಕ್ಕೆ ಇಳಿಯುತ್ತೆ. ಅದಕ್ಕೇ ಇದು, ಹತ್ತತ್ರ ಬೆಳಕಿನಷ್ಟೇ ಜೋರಾಗಿ ಚಿಮ್ಮೋ ಧಾರೆಯೊಳಗೆ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಗಿರಗಿರ ಸುತ್ತುತ್ತಾ ಬಿಡೋ ಬೆಳಕು ಇರಬೇಕು."

"ಇರಬೇಕಾ? ಗೊತ್ತಿಲ್ವಾ?"

"ಪೂರ್ತಿ ಯಾರಿಗೂ ಗೊತ್ತಿಲ್ಲ."

ರಾಮಯ್ಯನವರು ನನ್ನ ಮಗನ ಕಡೆ ತಿರುಗಿ ನಕ್ಕರು. "ಗೊತ್ತಿಲ್ದೇ ಇರೋದನ್ನ ಓದಕ್ಕೆ ಹೋಗ್ತಾಳಂತೆ ಕಣಯ್ಯಾ! ಬ್ಯಾಂಕಿಗೆ ಕಳ್ಸು."

ಪಲ್ಲವಿಯ ಕಣ್ಣು ತುಂಬಿತು. ನಾಲ್ಕನೇ ಕ್ಲಾಸಿನವರೆಗಷ್ಟೇ ಓದಿದ ನನಗೆ ತಡೆಯಲಾಗಲಿಲ್ಲ. "ಗೊತ್ತಿರೋದನ್ನ ಓದಕ್ಕೆ ಅವಳು ಕಾಲೇಜಿಗೆ ಯಾಕ್ರೀ ಹೋಗ್ಬೇಕು? ನಿಮ್ಮನೆ ಜಗುಲಿ ಸಾಲ್ದಾ?" ಅಂದೆ. ಮಗ ತಲೆ ತಗ್ಗಿಸಿ, "ಹೋಗ್ಬಾ ಪುಟ್ಟಾ" ಅಂದ.

ಸಂಶೋಧನೆಯ ಸೀಟಿಗೆ ನಡೆದ ಸಂದರ್ಶನದಲ್ಲಿ ದೊಡ್ಡ ಪ್ರೊಫೆಸರುಗಳು, ಆ ಬೆಳಕು ಖಂಡಿತವಾಗಿ ಹೇಗೆ ಹುಟ್ಟುತ್ತದೆ ಎಂದು ಕೇಳಿದರಂತೆ. "ಗೊತ್ತಿಲ್ಲ ಸರ್, ಅದಕ್ಕೇ ಬಂದೆ" ಅಂದಳಂತೆ. ಸೀಟು ಕೊಟ್ಟರು! ನನ್ನ ಬಂಗಾರ!

ಆ ಖುಷಿಯ ಪಾಯಸಕ್ಕೆ ರಾಮಯ್ಯನವರೂ ಬಂದರು. ನಾಚಿಕೆಯಿಲ್ಲದೆ ಎರಡು ಬಟ್ಟಲು ಕುಡಿದು, "ಅಲ್ಲಿ ಕುಲುಮೆ ಅಂದಿದ್ರೆ ಇವಳನ್ನ ಪ್ರೊಫೆಸರೇ ಮಾಡ್ಬಿಡೋರು" ಅಂದು ಹೋದರು. ಅದೇ ಕೊನೆ, ಮಳೆಗಾಲಕ್ಕೆ ಮೊದಲೇ ತೀರಿಕೊಂಡರು. ಸತ್ತವರ ಬಗ್ಗೆ ಒಳ್ಳೆಯದು ಹೇಳಬೇಕಂತೆ. ಯೋಚಿಸಿದೆ, ಏನೂ ಹೊಳೆಯಲಿಲ್ಲ.

ಇವತ್ತು ಪಲ್ಲವಿ ಡಾಕ್ಟರೇಟ್ ತೆಗೆದುಕೊಂಡು ಮನೆಗೆ ಬರುತ್ತಿದ್ದಾಳೆ. ಮತ್ತೆ ಪಾಯಸಕ್ಕೆ ಹಾಲಿಟ್ಟಿದ್ದೇನೆ. ಉರಿ ಎಷ್ಟು ಡಿಗ್ರಿಯೆಂದು ಹೇಳುವವರು ಯಾರೂ ಇಲ್ಲ. ಹಾಲು ತನ್ನಷ್ಟಕ್ಕೆ ಉಕ್ಕುತ್ತಿದೆ.