ಕಾಡಿಗೆ ಹೋಗದವಳ ಜ್ವರ

ಮೊದಲು ನೋವು ಬಂದದ್ದು ಹಣೆಗೆ. ಒಲೆಗೆ ಸೌದೆ ಇಡಲು ಬಗ್ಗಿದವಳಿಗೆ ಏಳಲಾಗಲಿಲ್ಲ. ಸಂಜೆಗೆ ಚಳಿಜ್ವರ. ಮೂರನೆಯ ದಿನ ಬಾಯಿ ಮುಕ್ಕಳಿಸಿದರೆ ನೀರು ಕೆಂಪಗಿತ್ತು.

ವಸಡಿನಲ್ಲಿ ರಕ್ತ.

ಮಗ ಶ್ರೀಧರ ಕಾರ್ಗಲ್‌ನಿಂದ ಬಂದು ಸಾಗರದ ಆಸ್ಪತ್ರೆಗೆ ಸೇರಿಸಿದ. ಅಣೆಕಟ್ಟಿನ ಆಫೀಸಿನಲ್ಲಿ ಗುಮಾಸ್ತ, ಮುಂದೆ ಸಾಹೇಬನಾಗಬೇಕೆಂದಿರುವವನು. ಆಗಲಿ. ಆದರೆ ಡಾಕ್ಟರ್ ನನ್ನನ್ನು ಕೇಳಿದ್ದಕ್ಕೆಲ್ಲ ಇವನೇ ಉತ್ತರ ಕೊಟ್ಟ.

“ಕಾಡಿಗೆ ಹೋಗಿದ್ರಾ? ಸತ್ತ ಮಂಗ ಏನಾದ್ರೂ ಕಂಡಿತ್ತಾ?”

“ಇಲ್ಲ ಸಾರ್. ಅಮ್ಮ ಹೊಸಿಲು ದಾಟೋದೇ ಅಪರೂಪ.”

ಅಪರೂಪವಂತೆ! ಇಪ್ಪತ್ತು ವರ್ಷದಿಂದ ಬೆಳಿಗ್ಗೆ ಗಂಜಿ ಕುಡಿದು ಗುಡ್ಡ ಹತ್ತಿ, ಉದುರಿದ ಒಣ ಎಲೆಯ ದರಗು ಗುಡಿಸಿ, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಊರವರ ಕೊಟ್ಟಿಗೆಗಳಿಗೆ ಹಾಕಿದವಳು ನಾನು.

ಡಾಕ್ಟರ್ ನನ್ನ ಕಾಲಿನ ಗುಳ್ಳೆ ತೋರಿಸಿದರು. “ಇದು ಉಣ್ಣೆ ಹುಳ ಕಚ್ಚಿದ್ದಲ್ವಾ?”

“ಸೊಳ್ಳೆ ಸಾರ್.”

ನನ್ನ ನಾಲಿಗೆ ಒಣಗಿ ಅಂಟಿಕೊಂಡಿತ್ತು. ಬೈಯಲೂ ಆಗಲಿಲ್ಲ.

ಮರುದಿನ ಜ್ವರ ಸ್ವಲ್ಪ ಇಳಿಯಿತು. ದರಗಿನ ಜೊತೆಗಾತಿ ಗಂಗಮ್ಮ ನೋಡಲು ಬಂದಳು.

“ಬೇಗ ಏಳೇ ಮಾರಾಯ್ತಿ. ನಾಳೆ ನಾನೂ ಸೊಸೇನೂ ನೀನು ಗುಡಿಸೋ ಹಳ್ಳದ ದಂಡೆಗೇ ಹೋಗ್ತೀವಿ. ದರಗು ರಾಶಿ ಬಿದ್ದಿದೆ.”

ಅಲ್ಲೇ ನಾನು ಎರಡು ಸತ್ತ ಮಂಗ ನೋಡಿದ್ದು.

ಡಾಕ್ಟರನ್ನು ಕರೆಸಿ ಎಲ್ಲ ಹೇಳಿದೆ. ಗುಡ್ಡ, ದರಗು, ಮಂಗ, ಒಂದೂ ಬಿಡದೆ.

“ಅಮ್ಮಾ, ಮೆಲ್ಲಗೆ. ಪಕ್ಕದ ಬೆಡ್‌ನೋರು ಕೇಳ್ತಾರೆ,” ಎಂದ ಶ್ರೀಧರ.

“ಕೇಳ್ಲಿ. ಉಣ್ಣೆ ಏನು ನಿನ್ನ ಇಸ್ತ್ರಿ ಪ್ಯಾಂಟ್ ನೋಡಿ ಸುಮ್ನೆ ಹೋಗತ್ತಾ?”

ಮಂಗನ ಕಾಯಿಲೆಯೇ ಇರಬೇಕು, ಯಾರೂ ಅತ್ತ ಸುಳಿಯಬಾರದು ಎಂದರು ಡಾಕ್ಟರ್. ಜಾಗ ಪರೀಕ್ಷಿಸಲು ಬರುವವರಿಗೆ ದಾರಿ ತೋರಿಸುವವರು ಬೇಕಿತ್ತು.

“ನಾನಂತೂ ಒಲ್ಲೆ,” ಎಂದಳು ಗಂಗಮ್ಮ. “ಶ್ರೀಧರ ಹೋಗ್ಲಿ. ಚಿಕ್ಕೋನಿದ್ದಾಗ ಅವನ ತಲೆ ಮೇಲೆ ಮೊದಲ್ನೇ ದರಗಿನ ಹೊರೆ ಇಟ್ಟೋಳು ನಾನೇ ಅಲ್ವಾ?”

ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಶ್ರೀಧರ ದಾರಿ ತೋರಿಸಲು ಹೊರಟ.

ಆಮೇಲೆ ಜ್ವರ ಇನ್ನೊಮ್ಮೆ ಮರಳಿತು. ಕೈ ನಡುಗಿ ಎರಡು ವಾರ ಲೋಟ ಹಿಡಿಯಲಾಗಲಿಲ್ಲ. ಹೆತ್ತವಳ ಬಾಯಿಗೆ ಮಗನೇ ಗಂಜಿ ಹಾಕಿದ, ಯಾರಾದರೂ ನೋಡುತ್ತಾರೇನೋ ಎಂದು ಬಾಗಿಲ ಕಡೆ ತಿರುಗುತ್ತ. ಈಗ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತೇನೆ. ಗಂಗಮ್ಮನಿಗೂ ಸೊಸೆಗೂ ಏನೂ ಆಗಲಿಲ್ಲ, ದೇವರು ದೊಡ್ಡವನು.

ಮೊನ್ನೆ ಬಿಡುಗಡೆಯ ದಿನ ನರ್ಸ್ ಶ್ರೀಧರನನ್ನು ಕೇಳಿದಳು, ಅಂಥ ಕಾಡುದಾರಿ ನಿಮಗೆ ಹೇಗೆ ಗೊತ್ತು ಎಂದು.

“ಇಂಜಿನಿಯರ್ ಜೊತೆ ಶಿಕಾರಿಗೆ ಹೋಗ್ತಿದ್ದೆ,” ಎಂದ.

ನಗು ಬಂತು, ಪಕ್ಕೆ ನೋವಾಯಿತು. ಶಿಕಾರಿಯಂತೆ! ಇರಲಿ. ದಾರಿ ಮಾತ್ರ ಸರಿಯಾಗಿ ತೋರಿಸಿದ್ದ.