ಏಳದ ಬಣ್ಣ

ಫಿರ್ಮಿನ್ ಬಳಿದ ಬಣ್ಣ ಏಳುವುದಿಲ್ಲ ಎಂಬುದು ಪಶ್ಚಿಮ ಫ್ಲಾಂಡರ್ಸಿನ ಆ ಊರಿನಲ್ಲಿ ಎಲ್ಲರೂ ಒಪ್ಪಿದ್ದ ಮಾತು. ನಲವತ್ತು ವರ್ಷ ಅವನು ಅಲ್ಲಿನ ಕಿಟಕಿ ಬಾಗಿಲುಗಳಿಗೆ ಬಣ್ಣ ಹಚ್ಚಿದ್ದ. ಸಮುದ್ರದ ಉಪ್ಪುಗಾಳಿ ಬಡಿಯಲಿ, ವಾರಗಟ್ಟಲೆ ಜಡಿಮಳೆ ಹಿಡಿಯಲಿ, ಅವನ ಬಣ್ಣ ಕಚ್ಚಿದ ಮರವನ್ನು ಬಿಡುತ್ತಿರಲಿಲ್ಲ. ಎಲ್ಲಾದರೂ ಚಕ್ಕೆ ಎದ್ದ ಬಾಗಿಲು ಕಂಡರೆ ನಿಂತು ಉಗುರಿನಿಂದ ಕೆರೆದು, "ಇದು ನಂದಲ್ಲ" ಎಂದು ಮೂಗು ಮುರಿದು ಮುಂದೆ ಹೋಗುತ್ತಿದ್ದ. ಬಾಯಿ ಜೋರು, ಮೂಗಿನ ತುದಿಯಲ್ಲೇ ಕೋಪ, ಕೆಲಸ ಮಾತ್ರ ಚೊಕ್ಕ.

ಈಗ ಅವನು ಕುಂಚ ಮುಟ್ಟಿ ನಾಲ್ಕು ವರ್ಷವಾಯಿತು. ಕೇಳಿದವರಿಗೆ ಮಂಡಿನೋವು ಎನ್ನುತ್ತಾನೆ. ಮಂಡಿನೋವಲ್ಲ ಎಂಬುದು ಊರಿಗೆಲ್ಲ ಗೊತ್ತು.

ಫಿರ್ಮಿನ್‌ಗೆ ಮಕ್ಕಳಿಲ್ಲ. ತಂಗಿ ಜುಲ್ಮಾಳ ಮಗ ವಾನೆಸ್ ಎಂದರೆ ಪ್ರಾಣ. ಅಪ್ಪನಿಲ್ಲದ ಆ ಹುಡುಗನನ್ನು ದೀಕ್ಷಾಸ್ನಾನದ ದಿನ ಚರ್ಚಿನಲ್ಲಿ ಎತ್ತಿಕೊಂಡು ನಿಂತು, ಇವನ ಹೊಣೆ ನನ್ನದು ಎಂದು ಮಾತು ಕೊಟ್ಟವನು ಫಿರ್ಮಿನ್ನೇ. ಮೊದಲ ಸೈಕಲ್ಲಿಗೆ ಕೆಂಪು ಬಣ್ಣ ಹಚ್ಚಿ ಕೊಟ್ಟವನೂ ಅವನೇ. ಆ ವಾನೆಸ್ ಇಪ್ಪತ್ತಾರನೆಯ ವಯಸ್ಸಿಗೆ ಸೈಕಲ್ ಪಂದ್ಯದ ಸವಾರನಾಗಿದ್ದ. ಗೆಲ್ಲುವ ಸವಾರನಲ್ಲ, ತಂಡದ ನಾಯಕನಿಗೆ ನೀರಿನ ಬಾಟಲಿ ಹೊತ್ತು ಕೊಟ್ಟು, ಗಾಳಿಗೆ ಎದೆಯೊಡ್ಡಿ, ಘಟ್ಟದ ಅರ್ಧದಲ್ಲಿ ಹಿಂದೆ ಉಳಿಯುವ ಸವಾರ. ಊರಿಗೆ ಅಷ್ಟು ಸಾಕಾಗಿತ್ತು.

ಚರ್ಚಿನ ಎದುರಿಗಿದ್ದ ಜುಲ್ಮಾಳ ಕಾಫಿ-ಬಿಯರಿನ ಅಂಗಡಿಯಲ್ಲಿ ದೊಡ್ಡ ಟಿವಿ ಇತ್ತು. ಜುಲೈನಲ್ಲಿ ದೊಡ್ಡ ಫ್ರೆಂಚ್ ಸೈಕಲ್ ಪಂದ್ಯ ಬಂದರೆ ಅರ್ಧ ಊರು ಅಲ್ಲೇ. ಜುಲ್ಮಾ ಮಾತ್ರ ಮಗ ಘಟ್ಟ ಹತ್ತುವುದನ್ನು ನೋಡಿ, ಇಳಿಜಾರು ಶುರುವಾದ ಕೂಡಲೇ ಒಳಗೆ ಹೋಗಿ ಲೋಟ ತೊಳೆಯುತ್ತಾ ನಿಲ್ಲುತ್ತಿದ್ದಳು. "ಹತ್ತೋದು ನೋಡ್ತೀನಿ. ಇಳಿಯೋದು ಮುಗಿದ ಮೇಲೆ ಕರೀರಿ" ಎನ್ನುತ್ತಿದ್ದಳು. ಯಾರೂ ನಗುತ್ತಿರಲಿಲ್ಲ.

ಫಿರ್ಮಿನ್ ಮತ್ತು ಹೆಂಡತಿ ಲೀವಾ ಟಿವಿ ಮುಂದೆ ಕೂರುವವರಲ್ಲ. ಪ್ರತಿ ಜುಲೈನಲ್ಲೂ ಹಳೆಯ ವ್ಯಾನಿನಲ್ಲಿ ಹಾಸಿಗೆ, ಒಲೆ, ಬಿಯರಿನ ಎರಡು ಪೆಟ್ಟಿಗೆ, ಫ್ಲಾಂಡರ್ಸಿನ ಕಪ್ಪು ಸಿಂಹದ ಹಳದಿ ಬಾವುಟ ಎಲ್ಲ ತುಂಬಿಕೊಂಡು ಪಂದ್ಯದ ಹಿಂದೆ ಹೊರಟುಬಿಡುತ್ತಿದ್ದರು. ಸವಾರರು ಬರುವ ಮೊದಲು ರಸ್ತೆಯ ಮೇಲೆ ತಮ್ಮವನ ಹೆಸರು ಬರೆಯಬೇಕು, ಬಂದಾಗ ಬಾವುಟ ಬೀಸಿ ಗಂಟಲು ಹರಿಯುವಂತೆ ಕೂಗಬೇಕು. ವಾನೆಸ್ ಒಂದು ಕೈ ಎತ್ತಿ ನಗಬೇಕು. ಇಷ್ಟಕ್ಕೆ ಸಾವಿರ ಕಿಲೋಮೀಟರು.

ಹೆಸರು ಬರೆಯಲು ಎಲ್ಲರೂ ಬಕೆಟ್ಟಿನಲ್ಲಿ ಸುಣ್ಣ ಕಲಸುತ್ತಾರೆ. ಐದು ವರ್ಷದ ಹಿಂದೆ ಫಿರ್ಮಿನ್ನೂ ಹಾಗೇ ಮಾಡಿದ್ದ. ಹೆಲಿಕಾಪ್ಟರಿನ ಕ್ಯಾಮೆರಾ ಬರುವ ಹೊತ್ತಿಗೆ ಒಂದು ಸಣ್ಣ ಮಳೆ ಬಿದ್ದು ಹೆಸರು ತೊಳೆದುಹೋಗಿ, ಟಿವಿಯಲ್ಲಿ ಬರೀ ಬೆಳ್ಳಗಿನ ನೀರು ಹರಿಯುವುದು ಕಂಡಿತ್ತು. ಅಂಗಡಿಗೆ ಬರುವವರು ವರ್ಷವಿಡೀ ಅವನನ್ನು ಬಿಡಲಿಲ್ಲ.

"ಏನಪ್ಪಾ ಫಿರ್ಮಿನ್, ನಿನ್ನ ಬಣ್ಣ ಏಳಲ್ಲ ಅಂತಿದ್ದೆ. ಮೋಡ ಕಂಡಿದ್ದೇ ಎದ್ದು ಓಡಿಹೋಯ್ತಲ್ಲೋ!"

"ಅದು ಸುಣ್ಣ ಕಣ್ರೋ, ಬಣ್ಣ ಅಲ್ಲ. ಮುಂದಿನ ವರ್ಷ ನೋಡಿ, ಬಣ್ಣ ಅಂದ್ರೆ ಏನು ಅಂತ ತೋರಿಸ್ತೀನಿ."

ಅವರು ಹಂಗಿಸಿದ್ದು ಅವನಿಗೆ ಮುಳ್ಳಿನಂತೆ ಚುಚ್ಚಿಕೊಂಡೇ ಇತ್ತು. ಮುಂದಿನ ಜುಲೈನಲ್ಲಿ ವ್ಯಾನಿಗೆ ಸುಣ್ಣದ ಚೀಲ ಏರಲಿಲ್ಲ. ಸಮುದ್ರದ ಕಡೆಯ ಮನೆಗಳ ಕಿಟಕಿಗೆ ಹಚ್ಚುವ ಬಿಳಿ ಎನಾಮಲ್ ಪೇಂಟಿನ ಎರಡು ಡಬ್ಬ ಏರಿದವು.

ಮೂರು ದಿನ ವ್ಯಾನ್ ಓಡಿಸಿ ಆಲ್ಪ್ಸ್ ಸೇರಿದಾಗ ಘಟ್ಟದ ಏರುದಾರಿಯಲ್ಲಿ ಬೆರಳಿಡಲೂ ಜಾಗವಿರಲಿಲ್ಲ. ಡಚ್ಚರು, ಡೇನರು, ಬಾಸ್ಕರು ಇಂಚಿಂಚೂ ಬರೆದಿಟ್ಟಿದ್ದರು. ಫಿರ್ಮಿನ್ ತುದಿ ದಾಟಿ ಆಚೆ ಇಳಿದ. ಮೊದಲ ತಿರುವಿನಲ್ಲಿ ಒಂದು ಕಲ್ಲು ನೆಟ್ಟಿತ್ತು. ಬಹಳ ಹಿಂದೆ ಅಲ್ಲಿ ಬಿದ್ದು ಸತ್ತ ಸವಾರನೊಬ್ಬನ ಹೆಸರು, ಬಾಡಿದ ಹೂವು, ಯಾರೋ ಇಟ್ಟುಹೋದ ನೀರಿನ ಬಾಟಲಿಗಳು. ಲೀವಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಫಿರ್ಮಿನ್ ಗೇರು ಬದಲಿಸಿದ.

ಮೂರನೆಯ ತಿರುವಿನಲ್ಲಿ ರಸ್ತೆ ಅಗಲವಾಗಿತ್ತು, ಖಾಲಿಯಾಗಿತ್ತು. ಮೇಲೆ ತೆರೆದ ಆಕಾಶ, ಕೆಳಗೆ ಮೊಣಕಾಲೆತ್ತರದ ಕಲ್ಲಿನ ಗೋಡೆ, ಅದರಾಚೆ ಕಣಿವೆ.

"ಇಲ್ಲೇ. ಹೆಲಿಕಾಪ್ಟರಿಗೆ ಹಸ್ತರೇಖೆ ಕಂಡ ಹಾಗೆ ಕಾಣುತ್ತೆ" ಎಂದ.

"ಇಳಿಜಾರಲ್ಲಿ ಯಾರಾದರೂ ಬರೀತಾರಾ?" ಎಂದಳು ಲೀವಾ. "ಒಬ್ಬರೂ ಬರೆದಿಲ್ಲ ನೋಡು."

"ಅದಕ್ಕೇ ಜಾಗ ಸಿಕ್ಕಿದ್ದು."

ಪಂದ್ಯಕ್ಕೆ ಎರಡು ದಿನವಿತ್ತು. ಲೀವಾ ಕೆಂಪು ಟವೆಲ್ ಬೀಸಿ ಕಾರುಗಳನ್ನು ಒಂದು ಬದಿಗೆ ಕಳಿಸುತ್ತಾ ನಿಂತಳು. ಫಿರ್ಮಿನ್ ಮಂಡಿಯೂರಿ, ದಾರ ಹಿಡಿದು ಗೆರೆ ಎಳೆದು, ಆಳೆತ್ತರದ ಅಕ್ಷರಗಳನ್ನು ರಸ್ತೆಯ ಉದ್ದಗಲಕ್ಕೆ ತುಂಬಿದ. ಎರಡು ಕೋಟ್ ಹೊಡೆದ. ಸಂಜೆ ಬಿಸಿಲಿಗೆ ಹೆಸರು ಥಳಥಳ ಹೊಳೆಯಿತು. ತನ್ನ ಕೆಲಸ ನೋಡಿ ಅವನಿಗೆ ಕಣ್ಣು ತುಂಬಿಬಂತು.

ಪಂದ್ಯದ ಹಿಂದಿನ ದಿನ ವಾನೆಸ್ ಫೋನ್ ಮಾಡಿದ. "ಮಾವ, ಎಲ್ಲಿ ಬರೆದೆ?"

"ಹೇಳಲ್ಲ. ಕಣ್ಣು ಬಿಟ್ಕೊಂಡು ಬಾ."

"ಹೇಳು ಮಾವ. ಎಷ್ಟನೇ ಕಿಲೋಮೀಟರು?"

"ಹೇಳಿದ್ರೆ ಮಜಾ ಏನಿರುತ್ತೆ? ಬಾವುಟ ಕಾಣುತ್ತೆ, ನನ್ನ ಗಂಟಲು ಕೇಳುತ್ತೆ. ಕೈ ಎತ್ತೋದು ಮರೀಬೇಡ."

ಮರುದಿನ ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ಫಿರ್ಮಿನ್ ಕಾಫಿ ಕುಡಿಯುತ್ತಾ ತಂಗಿಗೆ ಫೋನ್ ಮಾಡಿದ. "ಜುಲ್ಮಾ, ಇವತ್ತು ಲೋಟ ತೊಳೆಯೋಕೆ ಹೋಗಬೇಡ. ತುದಿ ದಾಟಿ ಮೂರನೇ ತಿರುವು. ಅಂಗಡಿಯವರನ್ನೆಲ್ಲ ಕೂರಿಸ್ಕೊಂಡು ನೋಡು."

"ಇಳಿಜಾರಾ? ನನ್ನ ಕೈಲಿ ಆಗಲ್ಲಪ್ಪ."

"ಒಂದೇ ಒಂದು ಸಲ. ನನಗೋಸ್ಕರ."

"ಆಯ್ತು, ನೋಡ್ತೀನಿ" ಎಂದಳು.

ಪಕ್ಕದ ವ್ಯಾನಿನಲ್ಲಿ ಗಾಸ್ಟನ್ ಎಂಬ ಫ್ರೆಂಚ್ ಮುದುಕನಿದ್ದ. ಅದೇ ಘಟ್ಟದ ರಸ್ತೆ ರಿಪೇರಿ ಮಾಡಿ ನಿವೃತ್ತನಾದವನು. ಮಧ್ಯಾಹ್ನ ಬ್ರೆಡ್ಡು, ಹಂದಿಮಾಂಸದ ತುಂಡು ಹಿಡಿದುಕೊಂಡು ಬಂದು ಅಕ್ಷರಗಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಬೆರಳಿನಿಂದ ಸವರಿದ.

"ಬಹಳ ಚೆನ್ನಾಗಿದೆ, ಮೆಸ್ಯೂ. ಮರಳು ಎಷ್ಟು ಬೆರೆಸಿದ್ರಿ?"

"ಮರಳಾ? ಮರಳು ಯಾಕೆ? ನನ್ನ ಬಣ್ಣ ಕನ್ನಡಿ ಥರ ಇರುತ್ತೆ."

"ಅದೇ, ಮೆಸ್ಯೂ" ಎಂದ ಗಾಸ್ಟನ್. ಅವನ ಮುಖದಲ್ಲಿ ನಗುವಿರಲಿಲ್ಲ. "ರಸ್ತೆಗೆ ಬಳಿಯೋ ಬಣ್ಣಕ್ಕೆ ನಾವು ಮರಳು ಹಾಕ್ತಿದ್ವಿ. ಒದ್ದೆಯಾದರೂ ಚಕ್ರ ಹಿಡೀಬೇಕಲ್ಲ." ಆಮೇಲೆ ಎದ್ದು ನಿಂತು ಕಣಿವೆಯ ಕಡೆ ನೋಡಿದ. ಕೆಳಗೆ ಹುಲ್ಲುಗಾವಲಿನ ಹಸುಗಳನ್ನು ಯಾರೋ ಕೊಟ್ಟಿಗೆಗೆ ಹೊಡೆದುಕೊಂಡು ಹೋಗುತ್ತಿದ್ದರು. ಅವುಗಳ ಕೊರಳಗಂಟೆಯ ಸದ್ದು ದೂರವಾಗುತ್ತಾ ಹೋಗಿ ನಿಂತಿತು. ಆ ಕಡೆಯ ಶಿಖರ ಆಗಲೇ ಕಾಣುತ್ತಿರಲಿಲ್ಲ.

ಎರಡು ಗಂಟೆಗೆ ಮಳೆ ಬಂತು. ಜೋರಿಲ್ಲ, ಸಣ್ಣಗೆ, ಬಿಡದೆ. ಲೀವಾ ಕುರ್ಚಿ ತರಲೆಂದು ರಸ್ತೆ ದಾಟಿದಳು. ಮೊದಲ ಅಕ್ಷರದ ಮೇಲೆ ಕಾಲಿಟ್ಟಳು, ಅಷ್ಟೇ. ಎರಡೂ ಕಾಲು ಒಟ್ಟಿಗೆ ಜಾರಿ ಧೊಪ್ಪನೆ ಕೂತಳು. ಫಿರ್ಮಿನ್ ಓಡಿ ಬಂದ. ಅವಳು ಅವನ ಕೈ ಹಿಡಿಯಲಿಲ್ಲ, ಮುಖ ನೋಡಿದಳು.

"ಫಿರ್ಮಿನ್, ನಾನು ನಡೀತಾ ಇದ್ದೆ ಅಷ್ಟೇ. ಅವನು ಎಪ್ಪತ್ತರ ವೇಗದಲ್ಲಿ ಬರ್ತಾನೆ."

ಫಿರ್ಮಿನ್ ವ್ಯಾನಿಗೆ ಹೋಗಿ ಬಣ್ಣ ಕೆರೆಯುವ ಪಟ್ಟಿ ತಂದ. ಮಂಡಿಯೂರಿ, ಮೈಯ ಭಾರವನ್ನೆಲ್ಲ ಹಾಕಿ ಕೆರೆದ. ಪಟ್ಟಿ ಜಾರಿತು. ಲೀವಾ ಅಡುಗೆ ಚಾಕು ತಂದಳು, ಗಾಸ್ಟನ್ ಸುತ್ತಿಗೆ ತಂದ. ಅರ್ಧ ಗಂಟೆ ಒದ್ದಾಡಿದ ಮೇಲೆ ಒಂದು ಅಕ್ಷರದ ಮೂಲೆಯಲ್ಲಿ ಅಂಗೈಯಷ್ಟು ಜಾಗ ಬಿಟ್ಟಿತ್ತು.

"ಏಳ್ತಾ ಇಲ್ಲ" ಎಂದಳು ಲೀವಾ ಅಳುತ್ತಾ. "ಏಳ್ತಾನೇ ಇಲ್ಲ ಕಣೋ."

"ಗೊತ್ತು!" ಎಂದು ಕಿರುಚಿದ ಫಿರ್ಮಿನ್.

ಮಣ್ಣು ತಂದು ಸುರಿಯಲು ಹೋದಾಗ ಪೊಲೀಸಿನವನು ತಡೆದ. ಇಳಿಜಾರಿನಲ್ಲಿ ಮಣ್ಣು ಇನ್ನೂ ಕೆಟ್ಟದ್ದು, ಅವನು ಹೇಳಿದ್ದು ಸರಿಯೇ. ಫಿರ್ಮಿನ್ ಹರಕುಮುರುಕು ಫ್ರೆಂಚಿನಲ್ಲಿ ಕೈಮುಗಿದು ಬೇಡಿದ. ಪೊಲೀಸಿನವನು ರೇಡಿಯೋದಲ್ಲಿ ಮಾತಾಡಿ ಬಂದು, "ಹೇಳಿದೀನಿ. ಇಡೀ ರಸ್ತೆ ಒದ್ದೆ ಅಂತ ಅವರಿಗೂ ಗೊತ್ತು. ನೀವು ಗೋಡೆ ಹತ್ತಿರ ನಿಲ್ಲಿ" ಎಂದ. ವಾನೆಸ್‌ನ ಫೋನು ತಂಡದ ಬಸ್ಸಿನಲ್ಲಿ ಎಲ್ಲೋ ರಿಂಗಾಗಿ ರಿಂಗಾಗಿ ನಿಂತಿತು.

ಆಗ ಫಿರ್ಮಿನ್‌ಗೆ ನೆನಪಾಯಿತು. ಅಪಾಯವಿದ್ದಲ್ಲಿ ಪಂದ್ಯದವರು ಸೀಟಿ ಊದಿ ಹಳದಿ ಬಾವುಟ ಬೀಸುತ್ತಾರೆ. ಹಳದಿ ಬಾವುಟ ತನ್ನ ಹತ್ತಿರವೂ ಇದೆ. ಗಾಸ್ಟನ್ ಸೀಟಿ ಕೊಟ್ಟ. ಫಿರ್ಮಿನ್ ತಿರುವಿಗಿಂತ ಇಪ್ಪತ್ತು ಹೆಜ್ಜೆ ಮೇಲೆ ಹೋಗಿ ನಿಂತು, ಸಿಂಹದ ಬಾವುಟವನ್ನು ಎರಡೂ ಕೈಯಲ್ಲಿ ಹಿಡಿದ. ಇದೊಂದು ದಾರಿ ಉಳಿದಿತ್ತು ಎಂದು ಅವನ ಉಸಿರು ಸ್ವಲ್ಪ ಹಗುರವಾಯಿತು.

ಹೆಲಿಕಾಪ್ಟರಿನ ಸದ್ದು ಮೊದಲು ಬಂತು, ಆಮೇಲೆ ಮೋಟರ್‌ಬೈಕುಗಳು. ಮೊದಲು ಮೂವರು ಸವಾರರು ಬಂದರು. ಫಿರ್ಮಿನ್ ಸೀಟಿ ಊದಿದ, ಬಾವುಟ ಬೀಸಿದ. ಅವರು ಅಪರಿಚಿತರು, ಹಳದಿ ಕಂಡರು, ಬ್ರೇಕು ಹಿಡಿದರು, ಅಕ್ಷರಗಳ ಅಂಚಿನಲ್ಲಿ ಮೆಲ್ಲಗೆ ಸುತ್ತಿ ಇಳಿದುಹೋದರು. ಇನ್ನೊಂದು ಗುಂಪು ಬಂತು, ಹಾಗೇ ಹೋಯಿತು. ಲೀವಾ ಗೋಡೆಯ ಹತ್ತಿರ ಜಪಸರ ಬಿಗಿಹಿಡಿದು ನಿಂತಿದ್ದಳು.

ಆಮೇಲೆ ವಾನೆಸ್ ಒಬ್ಬನೇ ಬಂದ. ಹಿಂದೆ ಉಳಿದಿದ್ದವನು ಮುಂದಿನವರನ್ನು ಸೇರಿಕೊಳ್ಳಲು ಮೈ ಬಗ್ಗಿಸಿ ಹಾರಿಬರುತ್ತಿದ್ದ. ಫಿರ್ಮಿನ್‌ನ ಬಾಯಿಂದ ಸೀಟಿ ಬಿದ್ದುಹೋಯಿತು. "ನಿಧಾನ! ವಾನೆಸ್, ನಿಧಾನ!" ಎಂದು ಗಂಟಲು ಹರಿಯುವಂತೆ ಕೂಗಿದ. ಹುಚ್ಚನಂತೆ ಬಾವುಟ ಬೀಸಿದ.

ಪ್ರತಿ ವರ್ಷ ಹಾಗೇ ಕೂಗುತ್ತಿದ್ದ. ಪ್ರತಿ ವರ್ಷ ಅದೇ ಬಾವುಟವನ್ನು ಹಾಗೇ ಬೀಸುತ್ತಿದ್ದ.

ವಾನೆಸ್ ತಲೆಯೆತ್ತಿದ. ಮಾವನನ್ನು ಕಂಡ, ಸಿಂಹವನ್ನು ಕಂಡ, ಕೆಳಗೆ ರಸ್ತೆಯ ತುಂಬ ಹೊಳೆಯುತ್ತಿದ್ದ ತನ್ನ ಹೆಸರನ್ನು ಕಂಡ. ಮಳೆಯಲ್ಲಿ ತೊಯ್ದ ಆ ಮುಖ ಅರಳಿತು. ಬ್ರೇಕಿನ ಮೇಲಿದ್ದ ಎಡಗೈಯನ್ನು ತೆಗೆದು ಮೇಲೆತ್ತಿದ.

ಮೊದಲ ಅಕ್ಷರದ ಮೇಲೆ ಮುಂದಿನ ಚಕ್ರ ಜಾರಿತು. ಉಳಿದ ಅಕ್ಷರಗಳನ್ನೆಲ್ಲ ಅವನು ಮೈಯಲ್ಲಿ ದಾಟಿ, ಕೊನೆಯ ಅಕ್ಷರದಾಚೆಯ ಕಲ್ಲಿನ ಗೋಡೆಗೆ ಬಡಿದು ನಿಂತ.

ಸೈಕಲ್ ಗೋಡೆಯ ಆಚೆ ಹೋಯಿತು. ಪೊಲೀಸಿನವನು ಓಡಿದ, ಲೀವಾ ಓಡಿದಳು, ಬಿಳಿ ಕಾರಿನಿಂದ ವೈದ್ಯರು ಇಳಿದು ಮಂಡಿಯೂರಿದರು. ಫಿರ್ಮಿನ್ ಬಾವುಟ ಹಿಡಿದು ನಿಂತಲ್ಲೇ ನಿಂತಿದ್ದ. ತಲೆಯ ಮೇಲೆ ಹೆಲಿಕಾಪ್ಟರ್ ಅಲ್ಲಾಡದೆ ನಿಂತಿತ್ತು. ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು.

ಅದನ್ನು ತೆಗೆದು ಕಿವಿಗಿಟ್ಟ. ಜುಲ್ಮಾಳ ದನಿ ಸಣ್ಣಗಿತ್ತು.

"ನೋಡು ಅಂದಿದ್ದೆ ಅಂತ ನೋಡ್ತಾ ಇದ್ದೆ, ಫಿರ್ಮಿನ್. ಈಗ ಟಿವಿಲಿ ಬರೀ ಹೆಸರು ತೋರಿಸ್ತಾ ಇದಾರೆ. ನೀನು ಅಲ್ಲೇ ಇದೀಯಲ್ಲ, ಹೇಳು. ಎದ್ದನಾ?"

ಫಿರ್ಮಿನ್ ವೈದ್ಯರ ಬೆನ್ನುಗಳ ಕಡೆ ನೋಡಿದ. ಮಳೆ ಅಕ್ಷರಗಳ ಮೇಲೆ ಹರಿಯುತ್ತಿತ್ತು.

"ಎದ್ದನಾ, ಫಿರ್ಮಿನ್?"

ಊರಿಗೇ ಬಾಯಿ ಜೋರಿನವನಾದ ಅವನಿಗೆ ಇಲ್ಲ ಎಂಬ ಒಂದು ಮಾತು ಹೊರಡಲಿಲ್ಲ.