ಕುರ್ಚಿಯ ಮೇಲೆ ಸಾಯಲೊಲ್ಲದ ದೊರೆ

ಆ ಮಧ್ಯಾಹ್ನ ನಡೆದದ್ದನ್ನು ಕಣ್ಣಾರೆ ಕಂಡೆ ಎಂದು ಹೇಳಿಕೊಂಡು ತಿರುಗುತ್ತೇನೆ. ನಿಜವೆಂದರೆ, ಕೊನೆಯ ಗಳಿಗೆಯಲ್ಲಿ ನನ್ನ ಮುಂದೆ ಯಾರದೋ ತಲೆಯ ರುಮಾಲು ಅಡ್ಡ ಬಂದಿತ್ತು. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ, ಸಾಕ್ಷಿಗಳನ್ನು ಅನುಮಾನಿಸುವುದನ್ನು ಕಲಿತವನು ನಾನು. ಕಲಿತ ವಿದ್ಯೆ ಈಗ ನನ್ನ ಮೇಲೆಯೇ ತಿರುಗಿದೆ.

ನಮ್ಮ ಕಾಕಾ ಶಹಾಬಾದಿನ ಗಣಿಯಲ್ಲಿ ಕಲ್ಲು ಒಡೆದವರು. ಬಯಲಾಟದಲ್ಲಿ ಮಾತ್ರ ದೊರೆ. ಅವರ ಮೇಳಕ್ಕೆ ಬರುತ್ತಿದ್ದುದು ಒಂದೇ ಆಟ. ಯಾವ ನಕಾಶೆಯಲ್ಲೂ ಇಲ್ಲದ ರಾಜ್ಯದಲ್ಲಿ ಅಣ್ಣ ತಮ್ಮಂದಿರು ಸಿಂಹಾಸನಕ್ಕೆ ಕಾದಾಡುತ್ತಾರೆ, ತಮ್ಮ ಸಾಯುತ್ತಾನೆ. ತಮ್ಮನಾಗಿ ನಲವತ್ತು ವರ್ಷ ಸತ್ತವರು ಕಾಕಾ. ಅಣ್ಣನಾಗಿ ಕೊಂದವರು ಅವರ ಗೆಳೆಯ, ವಾಡಿಯ ಸಿಮೆಂಟ್ ಕಾರ್ಖಾನೆಯ ಒಬ್ಬ ಫಿಟ್ಟರು.

ಇದು ಕೊನೆಯ ಆಟ ಎಂದು ಇಬ್ಬರೂ ಸಾರಿದ್ದರು. ನಮ್ಮೂರಿಗೆ ಬಂದ ಚಿತ್ತಾಪುರದ ಬಸ್ಸಿನಿಂದ ಸೈನ್ಯ ಇಳಿಯಿತು: ಒಟ್ಟು ನಾಲ್ಕು ಜನ, ಅವರಲ್ಲಿ ಒಬ್ಬನಿಗೆ ಕಿವಿ ಕೇಳದು. ರಾತ್ರಿಯಿಂದ ಬೆಳತನಕ ನಡೆಯಬೇಕಾದ ಮಹಾಯುದ್ಧವನ್ನು ಮಧ್ಯಾಹ್ನ ಮೂರರಿಂದ ಐದರವರೆಗಿನ ಆಟಕ್ಕೆ ಇಳಿಸಿದ್ದರು. ರಾಜ್ಯ ಹೋದರೂ ಸಂಜೆಯ ಶುಗರ್ ಗುಳಿಗೆ ತಪ್ಪಬಾರದಲ್ಲ.

ತೊಡಕಿದ್ದುದು ಸಾವಿನಲ್ಲಿ. ಕಾಕಾನ ಎರಡೂ ಮೊಣಕಾಲುಗಳನ್ನು ಕಲಬುರಗಿಯಲ್ಲಿ ಆಪರೇಷನ್ ಮಾಡಿ ಬದಲಿಸಿದ್ದರು. ನೆಲದ ಮೇಲೆ ಕೂರಬಾರದೆಂದು ಡಾಕ್ಟರು ಹೇಳಿದ್ದರು. ಈ ಮೇಳದ ರಿವಾಜಿನ ಪ್ರಕಾರವೋ, ಸತ್ತ ದೊರೆಯ ಬೆನ್ನು ನೆಲಕ್ಕೆ ತಾಗುವವರೆಗೆ ಮದ್ದಲೆ ನಿಲ್ಲುವಂತಿಲ್ಲ. ನಾನು ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟೆ.

“ಕುರ್ಚಿ ಮ್ಯಾಲ ಕುಂತು ಸಾಯ್ಲಿಕ್ಕ ನಾ ಏನ್ ತಹಸೀಲ್ದಾರ ಇದ್ದೀನೇನೋ?” ಎಂದರು ಕಾಕಾ.

“ನಡುವ ಸಿಕ್ಕೊಂಡ್ರ ಮಂದಿ ನಗ್ತಾರ್ರಿ ಕಾಕಾ.”

ಅವರು ಸ್ವಲ್ಪ ಹೊತ್ತು ಕಿರೀಟ ಒರೆಸಿದರು. “ನಗಬಾರ್ದಪಾ,” ಎಂದರು. “ಇದೊಂದ್ ಸಲ ನಗಬಾರ್ದು.”

ಮೀಸೆ ಬರೆದುಕೊಳ್ಳುತ್ತಿದ್ದ ಫಿಟ್ಟರು ಕನ್ನಡಿಯಿಂದ ಮುಖ ತಿರುಗಿಸಲಿಲ್ಲ. “ನೀ ಬೀಳು ದೋಸ್ತ. ನಾ ಇದ್ದೀನಿ.”

“ನೀ ಯಾವಾಗ್ಲೂ ಇರ್ತಿ! ನಲವತ್ತು ವರ್ಷ ಆತು, ನೀನೇ ಉಳ್ಯಾಕತ್ತೀದಿ!”

ಯುದ್ಧ ಶುರುವಾಯಿತು. ಒಬ್ಬ ದಮ್ಮು ತೆಗೆದುಕೊಳ್ಳುವವರೆಗೆ ಇನ್ನೊಬ್ಬ ಶತ್ರುವಿನ ವಂಶವನ್ನೆಲ್ಲ ಬೈದು ಹೊತ್ತು ಕಳೆಯುತ್ತಿದ್ದ. ಅಂತೂ ಅಣ್ಣನ ಕಟ್ಟಿಗೆಯ ಕತ್ತಿ ತಮ್ಮನ ಎದೆಗೆ ತಾಗಿತು. ಕಾಕಾ ಬಾಗಿದರು. ಅರ್ಧಕ್ಕೆ ನಿಂತರು. ಅತ್ತ ಸಾಯಲಿಲ್ಲ, ಇತ್ತ ಬದುಕಲಿಲ್ಲ. ಮದ್ದಲೆ ಬಡಿಯುತ್ತಲೇ ಇತ್ತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಆಗಲೇ ಆ ರುಮಾಲು. ಅದು ಸರಿದಾಗ ಕಂಡದ್ದಿಷ್ಟು: ಕಾಕಾ ಕಲ್ಲುಹಾಸಿನ ಮೇಲೆ ಅಂಗಾತ ಮಲಗಿದ್ದಾರೆ, ಕಣ್ಣು ಮುಚ್ಚಿದೆ. ಪಕ್ಕದಲ್ಲಿ ಗೆದ್ದ ಮಹಾರಾಜ ಕುಂಡಿಯೂರಿ ಬಿದ್ದಿದ್ದಾನೆ, ಕಾಲು ಮೇಲೆ, ಕಿರೀಟ ಜನರ ನಡುವೆ.

“ಅಯ್ಯಯ್ಯೋ, ನನ್ನ ಮೊಣಕಾಲ ಹೋತು! ಯಾರರ ಎತ್ರೋ!” ಎಂದು ಅರಚಿದರು ಫಿಟ್ಟರು.

ಊರು ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ದೊರೆಗಳನ್ನು ಮಾತಾಡಿಸುವ ಸಾರಥಿ ಕೈಮುಗಿದು, “ಗೆದ್ದ ಪ್ರಭುಗಳನ್ನ ಎತ್ತಲಿಕ್ಕ ನಾಕ್ ಮಂದಿ ಬರ್ರಿ,” ಎಂದ. ಗೆದ್ದವನಿಗೂ ಎದ್ದು ನಿಲ್ಲಲಾಗದ ರಾಜ್ಯವನ್ನು ಪ್ರಜೆಗಳು ಅಷ್ಟು ಸಂತೋಷದಿಂದ ನೋಡಿದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಸತ್ತವರ ಕಡೆ ಯಾರೂ ನೋಡಲಿಲ್ಲ. ಮೇಳದವರು ಅವರ ಮೇಲೆ ಶಾಲು ಹೊದಿಸಿ, ಗೌರವದಿಂದ ಹೊತ್ತೊಯ್ದರು.

ಮನೆಯಲ್ಲಿ ಕಾಕಾ ಕೇಳಿದರು: “ನನ್ನ ನೋಡಿ ನಕ್ರೇನೋ?”

“ಇಲ್ರಿ. ಅವರನ್ನ ನೋಡಿ ನಕ್ರು.”

“ಪಾಪ, ಅವಗ ಭಾಳ ವಯಸ್ಸಾತು,” ಎಂದರು. ದನಿಯಲ್ಲಿ ಪಾಪಕ್ಕಿಂತ ಸಂತೋಷವೇ ಹೆಚ್ಚಿತ್ತು.

ನಾನು ಕಲಿಸುವ ಸೇಡಂ ಕಾಲೇಜಿಗೆ ಮರಳಿ ಪಾಠ, ಪರೀಕ್ಷೆಗಳಲ್ಲಿ ಮುಳುಗಿದೆ. ನೆನಪು ಮಾತ್ರ ತನ್ನ ಕೈಚಳಕ ಬಿಡಲಿಲ್ಲ. ಒಂದು ವಾರ ಅದರಲ್ಲಿ ಫಿಟ್ಟರು ಜಾರಿ ಬೀಳುತ್ತಿದ್ದರು. ಮರುವಾರ ಕಾಕಾನನ್ನು ತೋಳಲ್ಲಿ ಇಳಿಸಿ ಮಲಗಿಸಿ, ಆಮೇಲೆ ಜಾಗ ನೋಡಿಕೊಂಡು ತಾವೇ ಬೀಳುತ್ತಿದ್ದರು. ಅವರಿಗೇ ಫೋನು ಮಾಡಿ ಕೇಳಿದರೆ, “ಬಿದ್ದೆ ತಮ್ಮಾ, ಮೊಣಕಾಲ ಪೂರಾ ಹೋಗ್ಯಾವ,” ಎಂದರು. ಸಾಕ್ಷಿಯೇ ಹಾಗೆಂದ ಮೇಲೆ ಇತಿಹಾಸಕಾರ ಸುಮ್ಮನಿರಬೇಕು.

ಹೋದ ತಿಂಗಳು ವಾಡಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದೆ. ಫಿಟ್ಟರು ಕಂಡರು, ಅವರು ನನ್ನನ್ನು ನೋಡಲಿಲ್ಲ. ಎರಡು ಕೈಯಲ್ಲೂ ತುಂಬಿದ ಚೀಲ. ಮೇಲ್ಸೇತುವೆಯ ಮೆಟ್ಟಿಲುಗಳನ್ನು ಒಂದೇ ಉಸಿರಿನಲ್ಲಿ ಹತ್ತಿ, ಆ ಕಡೆ ಇಳಿದು ಹೋದರು. ನಡುವೆ ಎಲ್ಲಿಯೂ ನಿಲ್ಲಲಿಲ್ಲ.